ಲಲಿತಾ ಆಡಿದ ಅಕ್ಕನ ಪಾತ್ರ

ಕಳೆದ ತಿಂಗಳು ಒಂದು ಭಾನುವಾರ ಬೊಮ್ಮಸಂದ್ರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶವಿತ್ತು. ಆ ಕಡೆಗೆ ಮೆಟ್ರೋ ಓಡಲು ಶುರುವಾದ ಮೇಲೆ ನಾನು ಹೋಗಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಹಿಂದೆ ಸರಿದು ಹೆಬ್ಬಗೋಡಿ ಹತ್ತಿರವಾಗುತ್ತಿದ್ದಂತೆ ರೈಲಿನ ಕಿಟಕಿಯ ಕೆಳಗೆ ತಾರಸಿಗಳು ಕಾಣತೊಡಗಿದವು. ಒಂದಕ್ಕೊಂದು ಅಂಟಿಕೊಂಡ ತಾರಸಿಗಳು, ಕಪ್ಪು ನೀರಿನ ಟ್ಯಾಂಕುಗಳು, ಆ ಗೋಡೆಯಿಂದ ಈ ಗೋಡೆಗೆ ಕಟ್ಟಿದ ಹಗ್ಗಗಳು, ಹಗ್ಗದ ತುಂಬ ಒಗೆದ ಬಟ್ಟೆ. ವಾರವೆಲ್ಲ ಕಂಡು ಕೇಳರಿಯದ ದೇಶಗಳ ಜನಕ್ಕೆ ಬಟ್ಟೆ ಹೊಲಿಯುವ ಹೆಣ್ಣುಮಕ್ಕಳು ಭಾನುವಾರ ತಮ್ಮ ಬಟ್ಟೆ ಒಗೆದುಕೊಳ್ಳುತ್ತಾರೆ. ಒಂದು ತಾರಸಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಇಬ್ಬರು ಕೂತಿದ್ದರು. ಹಿಂದಿನವಳು ಮುಂದಿನವಳ ತಲೆ ಬಾಚುತ್ತಿದ್ದಳು. ಅಷ್ಟು ಕಂಡಿದ್ದು, ರೈಲು ಮುಂದಕ್ಕೆ ಹೋಯಿತು. ನನಗೆ ಮಾತ್ರ ಲಲಿತಾ ನೆನಪಾಗಿ, ಕೊನೆಯ ನಿಲ್ದಾಣ ಬಂದು ಎಲ್ಲರೂ ಇಳಿದರೂ ಕೂತೇ ಇದ್ದೆ.

ಅಲ್ಲಿ ನಾನಿದ್ದದ್ದು ಒಂದು ವರ್ಷ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ನಾನು ಜಾಲಹಳ್ಳಿ ಕಡೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದ ಮೇಲೆ ಹೆಬ್ಬಗೋಡಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಕೆಲಸ ಸಿಕ್ಕಿತು. ಊರಿನ ಆ ತುದಿಯಿಂದ ಈ ತುದಿಗೆ ದಿನಾ ಓಡಾಡುವುದು ಆಗದ ಮಾತು. ಕಾರ್ಖಾನೆಯ ಹಿಂದಿನ ಬೀದಿಯಲ್ಲಿದ್ದ ಚೌಡಮ್ಮನವರ ವಠಾರದಲ್ಲಿ, ತಾರಸಿಯ ಮೇಲಿನ ಒಂಟಿ ರೂಮನ್ನು ಬಾಡಿಗೆಗೆ ಹಿಡಿದೆ. ಕೆಳಗಿನ ಸಾಲುಮನೆಗಳಲ್ಲಿ ನಮ್ಮ ಕಾರ್ಖಾನೆಯ ಹೆಂಗಸರೇ ಇದ್ದರು. ಅವರಲ್ಲೊಬ್ಬಳು ಲಲಿತಾ. ಈ ಬರಹದಲ್ಲಿ ಎಲ್ಲರ ಹೆಸರನ್ನೂ ಬದಲಾಯಿಸಿದ್ದೇನೆ. ಬರೆಯುತ್ತೇನೆಂದು ಫೋನಿನಲ್ಲಿ ಹೇಳಿದಾಗ ಲಲಿತಾ, "ಬರೀರಿ ಮೇಡಂ, ಆದ್ರೆ ನನ್ನ ಪಾಪ ಅಂತ ಮಾತ್ರ ಬರೀಬೇಡಿ" ಅಂದಳು. ಪಾಪವೆನ್ನಿಸುವಂಥ ಹೆಂಗಸೇ ಅಲ್ಲ ಅವಳು.

ಆ ವರ್ಷ ಮಳೆ ಬೇಗ ಹಿಡಿಯಿತು. ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಸರಿಯಾಗಿ ಮೋಡ ಕವಿಯುತ್ತಿತ್ತು. ಗೇಟಿನಿಂದ ಹೊರಬೀಳುವ ನೂರಾರು ಹೆಂಗಸರು ಟಿಫಿನ್ ಬ್ಯಾಗನ್ನು ತಲೆಯ ಮೇಲೆ ಹಿಡಿದು ಹೊಸೂರು ರಸ್ತೆಯನ್ನು ದಾಟುತ್ತಿದ್ದರು. ಬಸ್ಸುಗಳು, ಕಂಪನಿ ಕ್ಯಾಬುಗಳು, ಲಾರಿಗಳು ಎಲ್ಲವೂ ಅವರಿಗಾಗಿ ನಿಲ್ಲಲೇಬೇಕಿತ್ತು. ವಠಾರಕ್ಕೆ ಬಂದರೆ ಒಗ್ಗರಣೆಯ ಘಾಟು, ಒದ್ದೆ ಸಿಮೆಂಟಿನ ವಾಸನೆ, ಯಾರದೋ ಮನೆಯ ಟಿವಿ.

ಆಗ ಪಕ್ಕದ ಬೀದಿಯಲ್ಲಿ ಒಂದು ಮಾತು ಓಡಾಡುತ್ತಿತ್ತು. ಯುಗಾದಿಯ ಆಸುಪಾಸಿನಲ್ಲಿ ಅಲ್ಲಿನ ಹುಡುಗಿಯೊಬ್ಬಳು ಮನೆಬಿಟ್ಟು ಹೋಗಿದ್ದಳು. ಎಲ್ಲಿಗೆ, ಯಾರ ಜೊತೆ ಎಂದು ಯಾರಿಗೂ ಗೊತ್ತಿಲ್ಲ. "ಓಡೋದ್ಲು" ಎಂದು ಬೀದಿ ತೀರ್ಮಾನ ಮಾಡಿತ್ತು. ಆ ತಾಯಿ ಪೊಲೀಸರಿಗೂ ಹೇಳದೆ, ಯಾರ ಮುಖವನ್ನೂ ನೋಡದೆ, ತಲೆ ತಗ್ಗಿಸಿ ಕೆಲಸಕ್ಕೆ ಹೋಗಿಬರುತ್ತಿದ್ದಳು.

ಜೂನ್‌ನಲ್ಲಿ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೆಣ್ಣುಮಕ್ಕಳ ಸಾಗಾಟದ ಬಗ್ಗೆ ಒಂದು ಜಾಗೃತಿ ಕಾರ್ಯಕ್ರಮ ಏರ್ಪಡಿಸಿದೆ. ಹೊರಗಿನಿಂದ ಬಂದವರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಒಳ್ಳೆಯ ಮಾತುಗಳನ್ನೇ ಆಡಿದರು. ಕತ್ತಲ ಕೋಣೆ, ಸರಪಳಿ, ಹುಡುಗಿಯ ಬಾಯಿಯ ಮೇಲೆ ಒಂದು ದೊಡ್ಡ ಕೈ. ಹೆಂಗಸರು ನೋಡಿದರು, ಚಪ್ಪಾಳೆ ತಟ್ಟಿದರು, ಮಷಿನ್ನಿಗೆ ವಾಪಸ್ಸಾದರು. ಇದು ತಮಗಲ್ಲ, ಇನ್ಯಾರಿಗೋ ಆಗುವ ಸಂಗತಿ ಎಂಬ ನೆಮ್ಮದಿ ಅವರ ಮುಖದಲ್ಲಿತ್ತು. ಅದು ನನಗೂ ಕಂಡಿತು; ಏನು ಮಾಡಬೇಕೆಂದು ಮಾತ್ರ ತೋಚಲಿಲ್ಲ.

ಆ ಭಾನುವಾರ ತಾರಸಿಯ ಮೇಲೆ ಬಟ್ಟೆ ಹರವಲು ಬಂದ ಲಲಿತಾ ನನ್ನ ರೂಮಿನ ಬಾಗಿಲಲ್ಲಿ ನಿಂತಳು. ಮೂವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮೈ. ಕಾಲರ್ ಕೂರಿಸುವುದರಲ್ಲಿ ಹೊಲಿಗೆ ಮಷಿನ್ನುಗಳ ಇಡೀ ಲೈನಿಗೆ ಒಳ್ಳೆಯ ಕೈ ಅವಳದು. ಮಾತು ಕಡಿಮೆ.

"ಮೇಡಂ, ಮೊನ್ನೆ ತೋರಿಸಿದ್ರಲ್ಲ, ಆ ಥರದ ಕೈ ಯಾರ ಬಾಯಿ ಮೇಲೂ ಬರಲ್ಲ" ಅಂದಳು. "ನನ್ನ ಹತ್ರ ಬಂದಿದ್ದು ಒಬ್ಬಳು ಅಕ್ಕ. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ಲು. ನಮ್ಮಮ್ಮ ಸತ್ತಮೇಲೆ ನನ್ನ ತಲೆ ಮುಟ್ಟಿದ್ದು ಅವಳೊಬ್ಳೇ."

ಬಕೆಟ್ಟನ್ನು ಕೆಳಗಿಟ್ಟು, ಬಟ್ಟೆ ಹಿಂಡುತ್ತಲೇ ಹೇಳಿದಳು. ಮಧುಗಿರಿ ಕಡೆಯ ಹಳ್ಳಿ. ಅಮ್ಮ ಹೋದಮೇಲೆ ಚಿಕ್ಕಪ್ಪನ ಮನೆ. ಬಸ್‌ಸ್ಟ್ಯಾಂಡಿನಲ್ಲಿ ಪರಿಚಯವಾದ ಆ ಅಕ್ಕ ಬೆಂಗಳೂರಿನಲ್ಲಿ ಹೊಲಿಗೆ ಕೆಲಸ ಕೊಡಿಸುತ್ತೇನೆಂದು ಕರೆದುಕೊಂಡು ಹೋದವಳು ಬೆಂಗಳೂರಿನಲ್ಲಿ ಇಳಿಸಲೇ ಇಲ್ಲ. ಭಾಷೆ ಗೊತ್ತಿಲ್ಲದ ದೊಡ್ಡ ಊರಿನ ಒಂದು ಮನೆಗೆ ಒಪ್ಪಿಸಿ ಹೊರಟುಹೋದಳು. ಅಲ್ಲಿಂದ ಮುಂದಿನದನ್ನು ಲಲಿತಾ ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಪೊಲೀಸರು ಆ ಮನೆಗೆ ನುಗ್ಗಿ ಬಿಡಿಸಿದ ಮೇಲೆ ಹೆಣ್ಣುಮಕ್ಕಳ ಆಶ್ರಯಧಾಮವೊಂದರಲ್ಲಿ ಅವಳು ನಿಜವಾಗಿಯೂ ಹೊಲಿಗೆ ಕಲಿತಳು. ಊರಿಗೆ ಹೋದರೆ ಚಿಕ್ಕಪ್ಪ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದನಂತೆ.

"ನಾನು ಓಡೋದೆ ಅಂತ ಊರೆಲ್ಲ ಹೇಳ್ಕೊಂಡಿತ್ತು ಮೇಡಂ. ಹುಡುಕಲೇ ಇಲ್ಲ. ಈಗ ಪಕ್ಕದ ಬೀದಿ ಹುಡುಗಿಗೂ ಅದೇ ಮಾತು. ಆ ಮಾತು ಕಿವಿಗೆ ಬಿದ್ರೆ ನನಗೆ ನಿದ್ದೆ ಬರಲ್ಲ."

ಹಗ್ಗಕ್ಕೆ ಕ್ಲಿಪ್ ಸಿಕ್ಕಿಸಿ ನನ್ನ ಕಡೆ ತಿರುಗಿದಳು. "ಒಂದು ನಾಟಕ ಮಾಡಣ. ಬೀದೀಲಿ. ಅಕ್ಕನ ಪಾತ್ರ ನಾನು ಮಾಡ್ತೀನಿ. ಆದ್ರೆ ನನ್ನ ವಿಷಯ ಯಾರಿಗೂ ಗೊತ್ತಾಗಬಾರದು."

ತನ್ನನ್ನು ನಂಬಿಸಿ ಮಾರಿದವಳ ಪಾತ್ರವನ್ನು ತಾನೇ ಆಡುವುದೆಂದರೇನು ಎಂದು ನಾನು ಬಹಳ ಹೊತ್ತು ಯೋಚಿಸಿದೆ. ಬೇರೆ ಯಾರಿಗಾದರೂ ಕೊಡೋಣ ಎಂದೆ. "ಬೇರೆಯವರು ಕೆಟ್ಟೋಳ ಥರ ಮಾಡ್ಬಿಡ್ತಾರೆ" ಎಂದು ತಲೆಯಾಡಿಸಿದಳು.

ಲೈನಿನ ಐದಾರು ಹುಡುಗಿಯರು ಸೇರಿದರು. ಮಳೆ ಇಲ್ಲದ ಸಂಜೆಗಳಲ್ಲಿ ನೀರಿನ ಟ್ಯಾಂಕುಗಳ ನಡುವೆ ತಾಲೀಮು. ಕೆಲಸ ಮುಗಿಸಿ ಬಂದು, ಒಲೆಯ ಮೇಲೆ ಅನ್ನಕ್ಕಿಟ್ಟು, ಕುಕ್ಕರ್ ಕೂಗುವುದಕ್ಕೆ ಒಂದು ಕಿವಿ ಬಿಟ್ಟು ಆಡುತ್ತಿದ್ದರು. ಕುಕ್ಕರ್ ಕೂಗಿದರೆ ನಾಯಕಿಯೇ ಅರ್ಧಕ್ಕೆ ಬಿಟ್ಟು ಮೆಟ್ಟಿಲಿಳಿದು ಓಡುತ್ತಿದ್ದಳು. ಮೊದಲ ವಾರ ಗದ್ದಲ ಕೇಳಿ ಚೌಡಮ್ಮನವರು ಮೇಲೆ ಬಂದರು. ಕಾರ್ಖಾನೆಗಳು ಏಳುವ ಮುಂಚೆ ಅಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಮನೆತನದ ಹೆಂಗಸು. ಗಂಡ ತೀರಿಹೋಗಿದ್ದರು. ಬಾಡಿಗೆದಾರರೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದರು.

"ಏನ್ರವ್ವಾ ಇದು, ತಾರ್ಸಿ ಬಿದ್ದೋಗೋ ಅಂಗೆ ಕುಣೀತಿದೀರಾ?"

ವಿಷಯ ಹೇಳಿದೆವು. ಒಂದು ಸಲ ಆಡಿ ತೋರಿಸಿದೆವು. ಲಲಿತಾ ನಗುತ್ತ ಬಂದಳು. ಹುಡುಗಿಯ ಪಾತ್ರದವಳ ಪಕ್ಕ ಕೂತು, ಅವಳ ಜಡೆ ಬಿಚ್ಚಿ, ಬಾಚುತ್ತ ಮಾತಾಡಿದಳು. ಎಲ್ಲೂ ಜೋರಿಲ್ಲ, ಅವಸರವಿಲ್ಲ. ಚೌಡಮ್ಮನವರು ಟ್ಯಾಂಕಿಗೆ ಒರಗಿ ನಿಂತು ಪೂರ್ತಿ ನೋಡಿದರು.

"ಅಲ್ಲ ಕಣವ್ವಾ, ಇವಳು ಬಂದ್ರೆ ನಾನೇ ಒಳಿಕ್ ಕರ್ದು ಕಾಪಿ ಕೊಟ್ಬುಡ್ತಿದ್ದೆ" ಎಂದು ಉಸಿರು ಬಿಟ್ಟರು. ಮಾರನೆಯ ದಿನದಿಂದ ಕುಕ್ಕರ್‌ಗಳನ್ನು ನೋಡಿಕೊಳ್ಳುವ ಕೆಲಸವನ್ನು ಅವರೇ ವಹಿಸಿಕೊಂಡರು.

ಗಣೇಶನ ಹಬ್ಬ ಬಂತು. ಬೀದಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ನಮಗೆ ಸ್ವಲ್ಪ ಹೊತ್ತು ಕೊಡಿ ಎಂದು ಕೇಳಿದೆವು. ಯುವಕರ ಸಂಘದ ಕಾರ್ಯದರ್ಶಿ ಮುಖ ಹುಳ್ಳಗೆ ಮಾಡಿದ. "ದೇವರ ಮುಂದೆ ಇಂಥ ಸಬ್ಜೆಕ್ಟ್ ಬೇಡ ಮೇಡಂ. ಏರಿಯಾ ಹೆಸರು ಹಾಳಾಗತ್ತೆ. ನಾಳೆ ಬಾಡಿಗೆಗೂ ಯಾರೂ ಬರಲ್ಲ."

ನನ್ನ ಹಿಂದೆ ನಿಂತಿದ್ದ ಚೌಡಮ್ಮನವರು ಮುಂದೆ ಬಂದರು. "ಯಾಕ್ಲಾ, ಹುಡ್ಗೀರ್ನ ಕದ್ಕಂಡೋದ್ರೆ ಏರಿಯಾ ಎಸ್ರು ಆಳಾಗಕಿಲ್ವಾ? ನಮ್ಮನೇಲಿ ಅಷ್ಟು ಜನ ಎಣ್ಮಕ್ಳವ್ರೆ. ಅವ್ರು ಆಡ್ಲಿ ಬುಡು. ಗಣಪ್ಪ ನೋಡ್ತಾನೆ."

ಅಷ್ಟಾದ ಮೇಲೆ ಯಾರೂ ಬೇಡವೆನ್ನಲಿಲ್ಲ.

ಅಂದು ಸಂಜೆ ಮಳೆ ಬಿಟ್ಟಿತ್ತು. ಪೆಂಡಾಲಿನ ಮುಂದೆ ನೆಲ ಇನ್ನೂ ಕೆಸರು. ಹೆಂಗಸರು ಗೋಣಿಚೀಲ ಹಾಸಿಕೊಂಡು ಕೂತರು, ಗಂಡಸರು ಹಿಂದೆ ಬೈಕುಗಳಿಗೆ ಒರಗಿದರು. ಮುಂದಿನ ಸಾಲಿನಲ್ಲಿ ಈರಮ್ಮ ಕೂತಿದ್ದಳು. ಯಾದಗಿರಿ ಕಡೆಯಿಂದ ಬಂದು ನಮ್ಮ ಕಾರ್ಖಾನೆಯಲ್ಲಿ ಬಟ್ಟೆಯ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದವಳು. ಪಕ್ಕದಲ್ಲಿ ಮಗಳು ಪವಿತ್ರಾ. ಎಸ್ಸೆಸ್ಸೆಲ್ಸಿ ಮುಗಿದು, ಕಾರ್ಖಾನೆಗೆ ಸೇರಲು ಹದಿನೆಂಟು ತುಂಬಲೆಂದು ಮನೆಯಲ್ಲೇ ಇದ್ದ ಹುಡುಗಿ.

ಲಲಿತಾ ಬಂದಳು. ಹೂವಿನ ಸೀರೆ, ಕೈಯಲ್ಲಿ ಬಾಚಣಿಗೆ. "ಏನು ಪುಟ್ಟಾ, ಕೂದಲು ಹಿಂಗೆ ಬಿಟ್ಕೊಂಡಿದೀಯ? ಬಾ ಇಲ್ಲಿ." ಗುಂಪು ಹಗುರಾಗಿ ನಕ್ಕಿತು. ಒಳ್ಳೆಯ ಅಕ್ಕ ಎಂದು ಎಲ್ಲರಿಗೂ ಅನ್ನಿಸಿದ್ದು ಗೊತ್ತಾಗುತ್ತಿತ್ತು. ಅವಳು ಬಾಚುತ್ತ ಬಾಚುತ್ತ ಕೇಳಿದಳು: ಅಮ್ಮ ಬೈತಾರಾ? ಅಪ್ಪ ಇಲ್ವಾ? ನಿನ್ನ ಇಷ್ಟ ಏನು ಅಂತ ಯಾರಾದರೂ ಕೇಳ್ತಾರಾ? ಗೋವಾದಲ್ಲಿ ಒಳ್ಳೆ ಕೆಲಸ ಇದೆ, ಮದುವೆ ಮನೆಗಳಲ್ಲಿ ಬಂದವರಿಗೆ ಹೂ ಕೊಟ್ಟು ಸ್ವಾಗತ ಮಾಡೋದು ಅಷ್ಟೇ. "ಅಮ್ಮನಿಗೆ ಈಗಲೇ ಹೇಳ್ಬೇಡ. ಮೊದಲನೇ ಸಂಬಳ ಕಳಿಸಿ ಸರ್‌ಪ್ರೈಸ್ ಕೊಡು. ನಿನ್ನ ಆಧಾರ್ ಕಾರ್ಡು ನನ್ನ ಹತ್ರಾನೇ ಇರ್ಲಿ, ನೀನೆಲ್ಲಾದ್ರೂ ಕಳ್ಕೊಂಡ್ಬಿಡ್ತೀಯ."

ಗುಂಪಿನಲ್ಲಿ ಈರಮ್ಮ ಮಗಳ ಕಡೆ ತಿರುಗಿದಳು. ಅವಳದು ಮೊದಲೇ ದೊಡ್ಡ ಗಂಟಲು.

"ಲೇ ಪವಿತ್ರಾ, ನಿನ್ನ ಆಧಾರ್ ಎಲ್ಲೈತಿ? ನಿನ್ನೆ ರೇಷನ್ನಿಗೆ ಬೇಕಂತ ಟ್ರಂಕಿನ್ಯಾಗ ಹುಡುಕಿದ್ರ ಇಲ್ಲಲ್ಲ!"

ಇದೂ ನಾಟಕವೇ ಎಂದುಕೊಂಡು ಎಲ್ಲರೂ ಹೋ ಎಂದು ನಕ್ಕರು. ಶಿಳ್ಳೆ ಬಿತ್ತು. ಪವಿತ್ರಾ ನಗಲಿಲ್ಲ. ಅವಳ ತುಟಿ ಬೆಳ್ಳಗಾಗಿತ್ತು. ಲಲಿತಾ ಬಾಚುವುದನ್ನು ನಿಲ್ಲಿಸಿ ಆ ಹುಡುಗಿಯನ್ನೇ ನೋಡಿದಳು. ಆಮೇಲೆ ಏನೂ ಆಗದವಳಂತೆ ನಾಟಕ ಮುಂದುವರಿಸಿದಳು. ಮುಗಿದ ಕೂಡಲೇ ನನ್ನ ಬಳಿ ಬಂದು ಕಿವಿಯಲ್ಲಿ ಹೇಳಿದಳು: "ಆ ಹುಡುಗೀನ ಮೇಲಕ್ಕೆ ಕರ್ಕೊಂಡು ಬನ್ನಿ ಮೇಡಂ. ಅಮ್ಮ ಬೈಯ್ಯಕ್ಕೆ ಮುಂಚೆ."

ನನ್ನ ರೂಮಿನಲ್ಲಿ ಪವಿತ್ರಾ ಬಾಯಿ ಬಿಡಲು ಹೊತ್ತಾಯಿತು. ಲಲಿತಾ ಕೆಳಗೆ ಕೂತು ತನ್ನ ಬಳೆ ಬಿಚ್ಚುತ್ತ, "ನಿನ್ನ ತಪ್ಪಿಲ್ಲ. ಅವಳು ಒಳ್ಳೆಯವಳ ಥರಾನೇ ಇದಾಳಲ್ವಾ?" ಎಂದು ಕೇಳಿದಳು. ಆಗ ಹುಡುಗಿ ಅಳುತ್ತ ಹೇಳಿದಳು. ನಮ್ಮ ವಠಾರದ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ಶೋಭಾ ಎಂಬ ಹೆಂಗಸು. ಗೋವಾದ ಕೆಲಸವೇ. ಆಧಾರ್ ಅವಳ ಬಳಿಯೇ ಇದೆ. ಇವಳಂತೆಯೇ ಇನ್ನಿಬ್ಬರು ಹುಡುಗಿಯರೂ ಹೊರಟಿದ್ದಾರೆ. ಭಾನುವಾರ ಬಸ್ಸು.

ಮಗಳನ್ನು ಹುಡುಕಿಕೊಂಡು ಮೇಲೆ ಬಂದ ಈರಮ್ಮ ವಿಷಯ ಕೇಳಿ, ಕೂಗಾಡಿಕೊಂಡು ಶೋಭಾಳ ಮನೆಗೆ ನುಗ್ಗಲು ಹೊರಟಳು. ಲಲಿತಾ ಅವಳ ಎರಡೂ ಕೈ ಹಿಡಿದುಕೊಂಡಳು. "ಬೇಡ ಕಣಕ್ಕ. ಈಗ ಹೋದ್ರೆ ಅವಳು ಜಾಗ ಖಾಲಿ ಮಾಡ್ತಾಳೆ. ಆ ಇಬ್ಬರು ಹುಡುಗೀರು ಯಾರು ಅಂತಾನೇ ಗೊತ್ತಿಲ್ಲ ನಮಗೆ."

ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಬೆಳಿಗ್ಗೆ ತಾಯಿ ಮಗಳ ಜೊತೆ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಪವಿತ್ರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. ನಡುವೆ ಒಮ್ಮೆಯೂ "ನೀನ್ಯಾಕೆ ಒಪ್ಪಿಕೊಂಡೆ?" ಎನ್ನಲಿಲ್ಲ. "ಅವಳಿಗೆ ಸುಳಿವು ಕೊಡಬೇಡಿ. ನಾವು ಬರ್ತೀವಿ" ಅಂದರು.

ಶನಿವಾರ ಬೆಳಿಗ್ಗೆಯಿಂದ ಜಡಿಮಳೆ. ನಾನೂ ಲಲಿತಾಳೂ ಅರ್ಧ ದಿನ ರಜೆ ಹಾಕಿದ್ದೆವು. ಈರಮ್ಮ, ಪವಿತ್ರಾ ನನ್ನ ರೂಮಿನಲ್ಲಿದ್ದರು. ಪೊಲೀಸರು ಹೊರಟಿದ್ದೇವೆಂದು ಫೋನ್ ಮಾಡಿದರು; ಹೊಸೂರು ರಸ್ತೆಯಲ್ಲಿ ನೀರು ನಿಂತು ಗಾಡಿಗಳು ಮುಂದಕ್ಕೇ ಹೋಗುತ್ತಿಲ್ಲ ಎಂದರು. ಅಷ್ಟರಲ್ಲಿ ಚೌಡಮ್ಮನವರ ಮನೆಯ ಕಿಟಕಿಯಿಂದ ನೋಡಿದರೆ ಶೋಭಾ ಕೊಡೆ ಹಿಡಿದು, ದೊಡ್ಡ ಬ್ಯಾಗು ಹೆಗಲಿಗೆ ಹಾಕಿಕೊಂಡು ನಮ್ಮ ಬೀದಿಗೆ ಬರುತ್ತಿದ್ದಾಳೆ. ಭಾನುವಾರದ ಬಸ್ಸಿಗೆ ಶನಿವಾರವೇ ಹೊರಟಿದ್ದಾಳೆ. ನಾಟಕದ ಸುದ್ದಿ ಅವಳಿಗೂ ಮುಟ್ಟಿತ್ತೆಂದು ಕಾಣುತ್ತದೆ.

ಚೌಡಮ್ಮನವರು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋದರು.

"ಏನವ್ವಾ ಸೋಬಾ, ಮಳೇಲಿ ಎಲ್ಲಿಗ್ ಒಂಟೆ? ಬಾ ಒಳಿಕೆ. ಗಣಪ್ಪನ ಪ್ರಸಾದ ಈಸ್ಕಳ್ದೆ ಓಯ್ತಾರಾ ಯಾರಾದ್ರೂ?"

"ಅರ್ಜೆಂಟಿದೆ ಅಮ್ಮಾ, ಆಟೋ ಬರತ್ತೆ."

"ಈ ಮಳೇಲಿ ಯಾವ ಆಟೋ ಬತ್ತದೆ? ಒಂದ್ ಗಳ್ಗೆ ಕೂತ್ಕೋ. ನಮ್ಮ ಮುಂದಿನ ಮನೆ ಖಾಲಿಯಾಗ್ತದೆ, ನಿಂಗ್ ಬೇಕೇನೋ ಕೇಳಾಣ ಅಂತಿದ್ದೆ."

ಶೋಭಾ ಬಂದಳು. ಚೌಡಮ್ಮನವರ ಕಾಲು ಮುಟ್ಟಿ ನಮಸ್ಕರಿಸಿದಳು. ನನ್ನನ್ನು ನೋಡಿ "ಊಟ ಆಯ್ತಾ ಮೇಡಂ?" ಎಂದು ಎಷ್ಟು ಅಕ್ಕರೆಯಿಂದ ಕೇಳಿದಳೆಂದರೆ, ಎಲ್ಲ ಗೊತ್ತಿದ್ದ ನನಗೂ ಒಂದು ಕ್ಷಣ ನಾವೇ ತಪ್ಪು ತಿಳಿದೆವೇನೋ ಎನ್ನಿಸಿತು. ಲಲಿತಾ ಯಾಕೆ ಆ ಪಾತ್ರವನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ ಎನ್ನುವುದು ನನಗೆ ಆಗ ಪೂರ್ತಿ ಅರ್ಥವಾಯಿತು.

ಚೌಡಮ್ಮನವರು ಕಾಫಿಗೆ ಹಾಲಿಟ್ಟರು. ಮನೆಯ ಅಳತೆ, ನೀರಿನ ಅನುಕೂಲ, ತಮ್ಮ ಮಂಡಿನೋವು, ತೀರಿಹೋದ ಗಂಡ, ಎಲ್ಲವನ್ನೂ ಮಾತಿಗೆ ಎಳೆದರು. ಶೋಭಾ ಎದ್ದಾಗಲೆಲ್ಲ ಇನ್ನೊಂದು ಸಂಗತಿ. ಆಗ ಒಳಗಿನಿಂದ ಲಲಿತಾ ಬಂದು ಅವಳ ಎದುರಿಗೆ ಚಾಪೆಯ ಮೇಲೆ ಕೂತಳು. ಬರಬೇಡ ಎಂದು ನಾನು ಮೊದಲೇ ಹೇಳಿದ್ದೆ. ಕೇಳಲಿಲ್ಲ.

ಶೋಭಾ ಅವಳನ್ನು ಗುರುತು ಹಿಡಿದು ನಕ್ಕಳು. "ನೀನೇ ಅಲ್ವಾ ಮೊನ್ನೆ ನಾಟಕ ಆಡಿದ್ದು? ಜನ ಎಲ್ಲ ಹೇಳ್ತಿದ್ರು, ಸಕ್ಕತ್ತಾಗಿ ಮಾಡಿದ್ಯಂತೆ. ಯಾರು ಕಲಿಸಿದ್ರು?"

"ನಿಮ್ಮಂಥ ಅಕ್ಕ ಒಬ್ಬರಿದ್ರು" ಅಂದಳು ಲಲಿತಾ. "ಅವರೇ ಕಲಿಸಿದ್ರು."

ಶೋಭಾಳ ಮುಖದಲ್ಲಿದ್ದ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಬ್ಯಾಗಿನ ಪಟ್ಟಿ ಹಿಡಿದು ಎದ್ದಳು. ಬಾಗಿಲಲ್ಲಿ ಚೌಡಮ್ಮನವರು ಬಿಸಿ ಕಾಫಿಯ ಲೋಟಗಳಿದ್ದ ತಟ್ಟೆ ಹಿಡಿದು, ಅಗಲವಾಗಿ ನಿಂತಿದ್ದರು. "ಕುಡ್ಕಂಡ್ ಓಗವ್ವಾ" ಅಂದರು. ದನಿಯಲ್ಲಿ ಮೊದಲಿನ ಅಕ್ಕರೆ ಇರಲಿಲ್ಲ. ಅವರ ಬೆನ್ನ ಹಿಂದೆ, ಮೊಣಕಾಲಿನವರೆಗೆ ತೊಯ್ದುಹೋದ ಸೀರೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಬಂದು ನಿಂತರು. ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ನಡೆದೇ ಬಂದಿದ್ದರು.

ಬ್ಯಾಗಿನಲ್ಲಿ ಪವಿತ್ರಾಳ ಕಾರ್ಡೂ ಉಳಿದಿಬ್ಬರ ಕಾರ್ಡುಗಳೂ ಸಿಕ್ಕವು. ಆ ಹುಡುಗಿಯರನ್ನು ಪೊಲೀಸರು ಅದೇ ದಿನ ಪತ್ತೆ ಮಾಡಿದರು. ಇಬ್ಬರೂ ಬಟ್ಟೆ ಜೋಡಿಸಿಕೊಂಡು ಹೊರಡಲು ಸಿದ್ಧರಾಗಿ ಕೂತಿದ್ದರಂತೆ. ಶೋಭಾಳನ್ನು ಕರೆದೊಯ್ದ ಮೇಲೆ ಲಲಿತಾ ಮೆಟ್ಟಿಲ ಮೇಲೆ ಕೂತಳು. "ಅಮ್ಮಾ, ಆ ಕಾಫಿ ನನಗೆ ಕೊಡಿ. ಸಕ್ಕರೆ ಜಾಸ್ತಿ ಹಾಕಿ" ಅಂದಳು. ಕುಡಿದು ಮುಗಿಸಿ, ಮುಖ ತೊಳೆದು, ಮಧ್ಯಾಹ್ನ ಮಷಿನ್ನಿಗೆ ಬಂದು ಕೂತಳು.

ಕತೆ ಇಲ್ಲಿಗೆ ಮುಗಿಯಿತೆಂದು ನಾನಂದುಕೊಂಡಿದ್ದೆ. ಲಲಿತಾ ಹಾಗೆ ತಿಳಿಯಲಿಲ್ಲ. ಒಂದೇ ವಾರದಲ್ಲಿ ಬೀದಿಯ ಬಣ್ಣ ಬದಲಾಗಿತ್ತು. ಮನೆ ಮಾಲೀಕರು ಹುಡುಗಿಯರಿಗೆ ಕತ್ತಲಾಗುವ ಮುಂಚೆ ಗೇಟು ಹಾಕತೊಡಗಿದರು. ಅಣ್ಣಂದಿರು ತಂಗಿಯರ ಮೊಬೈಲ್ ಕಸಿದುಕೊಂಡರು. ಈರಮ್ಮ ಮಗಳಿಗೆ ಹೊಡೆದು, ಕೆಲಸಕ್ಕೆ ಬರುವಾಗ ಹೊರಗಿನಿಂದ ಬೀಗ ಹಾಕಿ ಬರುತ್ತಿದ್ದಳು. ವಿಷಯ ಗೊತ್ತಾಗಿ ಲಲಿತಾ ಅವಳನ್ನು ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಗೆ ಕರೆದಳು. ನಾನೂ ಅಲ್ಲಿದ್ದೆ.

"ಬೀಗ ಹಾಕಿದ್ರೆ ಏನಾಗತ್ತೆ ಈರಕ್ಕ?"

"ಮತ್ತೇನ್ ಮಾಡ್ಲಿ? ಆಕೀನ ಬಿಟ್ರ ಮತ್ತ ಯಾರರ ಕರಕೊಂಡ್ ಹೋಗ್ತಾರ."

"ಕರೆದೋಳು ಯಾಕೆ ಗೆದ್ಲು ಹೇಳು. ಅವಳು ಪವಿತ್ರಾನ ಒಂದು ದಿನಾನೂ ಬೈಲಿಲ್ಲ. ಅಮ್ಮನಿಗೆ ಹೇಳಿದ್ರೆ ಹೊಡೀತಾಳೆ ಅಂತ ಹುಡುಗಿಗೆ ಭಯ. ಆ ಭಯಾನೇ ಅವಳ ಬಂಡವಾಳ. ಈಗ ನೀನು ಹೊಡೆದ್ರೆ ಮುಂದಿನ ಶೋಭಾಗೆ ಕೆಲಸ ಇನ್ನೂ ಸುಲಭ ಕಣಕ್ಕ."

ಈರಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ವಾಪಸ್ಸಿಟ್ಟಳು. ಆಮೇಲೆ, "ನಂಗೂ ಯಾರೂ ಸಮಾಧಾನದಿಂದ ಮಾತಾಡಿಸಿದ್ದೇ ಇಲ್ಲವ್ವಾ" ಅಂದಳು. ಆ ಸಂಜೆ ಬೀಗ ತೆಗೆದವಳು ಮತ್ತೆ ಹಾಕಲಿಲ್ಲ.

ಅಲ್ಲಿಂದ ನಾಟಕದ ಎರಡನೆಯ ಭಾಗವೇ ಬೇರೆಯಾಯಿತು. ಮೊದಲು ಅದು ಪೊಲೀಸರು ಬರುವುದರೊಂದಿಗೆ ಮುಗಿಯುತ್ತಿತ್ತು. ಈಗ ಹುಡುಗಿ ಅಮ್ಮನಿಗೆ ಹೇಳಲು ಬರುತ್ತಾಳೆ. ಅಮ್ಮ ಏನು ಮಾಡಬೇಕೆಂದು ಗುಂಪನ್ನೇ ಕೇಳುತ್ತಿದ್ದರು. ಜನ ಕೂಗಿ ಹೇಳುತ್ತಿದ್ದರು. ಎರಡೇಟು ಬಿಗಿ ಎನ್ನುವವರೂ ಇದ್ದರು. ಅದನ್ನೂ ಆಡಿ, ಹುಡುಗಿ ಬಾಯಿ ಮುಚ್ಚಿಕೊಳ್ಳುವುದನ್ನು ತೋರಿಸುತ್ತಿದ್ದರು. ಕೆಲಸ ಎಲ್ಲಿ, ಕಂಪನಿ ಯಾವುದು, ಅಲ್ಲಿ ಈಗಾಗಲೇ ಇರುವ ಹುಡುಗಿಯೊಬ್ಬಳ ಜೊತೆ ನಾವೇ ಮಾತಾಡಬಹುದಾ, ಮನೆಯವರಿಗೆ ಹೇಳಬೇಡ ಅನ್ನೋದ್ಯಾಕೆ ಎಂದು ತಾಯಿ ಮಗಳು ಒಟ್ಟಿಗೆ ಕೂತು ಕೇಳಿಕೊಳ್ಳುವ ದೃಶ್ಯ ಬಂತು. ಹುಡುಗಿಯ ಪಾತ್ರಕ್ಕೆ ಹೊಸಬಳೊಬ್ಬಳು ಸೇರಿದಳು. ಪವಿತ್ರಾ. ತಾನೇ ಬಂದು ಕೇಳಿದ್ದಳು. ಮೊದಲ ದಿನ ಲಲಿತಾ ಜಡೆಗೆ ಕೈಹಾಕಿದಾಗ ಅವಳ ಭುಜ ಸೆಟೆಯಿತು. "ಬೇಡ್ವಾ?" ಎಂದು ಲಲಿತಾ ಮೆಲ್ಲಗೆ ಕೇಳಿದಳು. "ಇಲ್ಲಕ್ಕಾ, ಮಾಡಿ" ಅಂದಳು.

ಆ ಮಳೆಗಾಲದ ಕೊನೆಯಲ್ಲಿ ಅವರು ಆಡದ ಜಾಗವಿಲ್ಲ. ಬಸ್‌ಸ್ಟಾಪು, ಶಾಲೆಯ ಅಂಗಳ, ಬೇರೆ ಕಾರ್ಖಾನೆಗಳ ಗೇಟು. ಆಟೋ ಸ್ಟ್ಯಾಂಡಿನಲ್ಲಿ ಆಡಿದ ದಿನ ಚಾಲಕನೊಬ್ಬ, "ಬ್ಯಾಗ್ ಇಟ್ಕೊಂಡು ಅಳ್ತಾ ಕೂತಿರೋ ಹುಡುಗೀರನ್ನ ನಾವು ದಿನಾ ನೋಡ್ತೀವಿ ಮೇಡಂ. ಏನ್ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ" ಅಂದ. ಕೇಳುವುದನ್ನು ಲಲಿತಾ ಅವನಿಗೆ ಅಲ್ಲೇ ಹೇಳಿಕೊಟ್ಟಳು: ಹತ್ತಿರ ಹೋಗಬೇಡ, ಮುಟ್ಟಬೇಡ, ಪಕ್ಕದ ಹೂವಿನ ಅಂಗಡಿಯ ಅಮ್ಮನನ್ನು ಕಳಿಸು, ಸಹಾಯವಾಣಿಗೆ ಫೋನ್ ಮಾಡು. ಚೌಡಮ್ಮನವರು ಬೇರೆ ಮನೆ ಮಾಲೀಕರ ಮನೆಗಳಿಗೆ ಹೋಗಿ, "ಬಾಡ್ಗೆ ಕೇಳಾಕ್ ಓಗ್ತೀರಲ್ಲ, ಅಂಗೇ ಹೆಂಗಿದೀರವ್ವಾ ಅಂತಾನೂ ಒಂದ್ ಮಾತು ಕೇಳ್ರಿ" ಎಂದು ಬಂದರು.

ಪಕ್ಕದ ಬೀದಿಯ ಆ ತಾಯಿ ಕೂಡ ಒಂದು ದಿನ ನಾಟಕ ನೋಡಿದಳು. ಮರುದಿನ ಲಲಿತಾಳ ಮನೆಗೆ ಬಂದಳು. ಇಬ್ಬರೂ ಠಾಣೆಗೆ ಹೋಗಿ, ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟುಬಂದರು. ಆ ಹುಡುಗಿ ಸಿಕ್ಕಳು ಎಂದು ಬರೆಯಲು ನನಗೆ ಬಹಳ ಆಸೆ. ನಾನಲ್ಲಿದ್ದಷ್ಟು ದಿನ ಸಿಗಲಿಲ್ಲ. ಆದರೆ ಆ ದಿನದಿಂದ ಬೀದಿಯಲ್ಲಿ ಯಾರೂ ಓಡಿಹೋದಳು ಎನ್ನಲಿಲ್ಲ. ಹುಡುಕುತ್ತಿದ್ದಾರೆ ಎನ್ನತೊಡಗಿದರು. ತಾಯಿ ತಲೆಯೆತ್ತಿ ನಡೆಯುತ್ತಿದ್ದಳು.

ನವೆಂಬರ್ ಬಂತು. ಚಳಿ ಶುರುವಾಗಿ, ಸಂಜೆಯ ಹೊತ್ತಿಗೆ ಗಾಡಿಗಳ ಮೇಲೆ ಅವರೆಕಾಯಿಯ ರಾಶಿ ಬೀಳತೊಡಗಿತು. ರಾಜ್ಯೋತ್ಸವಕ್ಕೆ ಬೀದಿ ಬೀದಿಯಲ್ಲಿ ಕೆಂಪು ಹಳದಿ ಬಾವುಟ. ಗಣೇಶನ ಹಬ್ಬದಲ್ಲಿ ಮುಖ ಹುಳ್ಳಗೆ ಮಾಡಿದ್ದ ಕಾರ್ಯದರ್ಶಿಯೇ ಬಂದು, ವೇದಿಕೆಯ ಮೇಲೆ ಆಡಿ ಎಂದು ಕರೆದ. ಲಲಿತಾ ವೇದಿಕೆ ಬೇಡವೆಂದಳು. ಜನದ ನಡುವೆಯೇ, ನೆಲದ ಮೇಲೆ ಆಡುತ್ತೇವೆ ಎಂದಳು. ಅಂದು ಜನವೂ ಜನ. ನಮ್ಮ ಕಾರ್ಖಾನೆಯವರು, ಮಾಲೀಕರ ಮನೆಯವರು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಕೂಡ ಕುತ್ತಿಗೆಯ ಬ್ಯಾಡ್ಜ್ ತೆಗೆಯದೆ ನಿಂತು ನೋಡುತ್ತಿದ್ದರು. ಚೌಡಮ್ಮನವರಿಗೆ ಮುಂದೆ ಕುರ್ಚಿ ಹಾಕಿದ್ದರು.

ಅಕ್ಕ ಬಂದಳು, ಜಡೆ ಬಿಚ್ಚಿದಳು, ಬಾಚಿದಳು, ಮಾತಾಡಿದಳು. ಗುಂಪಿನ ಒಂದು ಕಡೆಯಿಂದ ಯುವಕನೊಬ್ಬನ ದನಿ ಬಂತು. ಕುಹಕವೋ ಕುತೂಹಲವೋ ಹೇಳಲಾರೆ.

"ಇಷ್ಟೆಲ್ಲ ನಿಮಗೆ ಹೆಂಗೆ ಗೊತ್ತಕ್ಕಾ?"

ಕೆಲವರು ನಕ್ಕರು. ಇಂಥ ಪ್ರಶ್ನೆ ಬಂದರೆ "ಮೇಡಂ ಬರೆದುಕೊಟ್ಟರು" ಎನ್ನಬೇಕೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಲಲಿತಾ ಬಾಚಣಿಗೆಯನ್ನು ಪವಿತ್ರಾಳ ಮಡಿಲಿಗೆ ಹಾಕಿ ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ. ಆ ಯುವಕನ ಕಡೆಗೇ ನೋಡಿದಳು.

"ನನ್ನನ್ನ ಹಿಂಗೇ ಕರ್ಕೊಂಡು ಹೋಗಿದ್ರು" ಅಂದಳು. "ಮಾರಿದ್ರು. ಪೊಲೀಸರು ಬಿಡಿಸಿದ್ರು. ನಾನು ವಾಪಸ್ ಬಂದೆ. ಈಗ ಗಾರ್ಮೆಂಟ್ಸಲ್ಲಿ ಕಾಲರ್ ಹೊಲಿತೀನಿ."

ಮೈಕು ಇರಲಿಲ್ಲ, ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು. ಬೈಕಿಗೆ ಒರಗಿದ್ದವರು ನೆಟ್ಟಗಾದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಲಿತಾ ಹಾಗೇ ನಿಂತಿದ್ದಳು. ನಾಳೆ ಈ ಬೀದಿಯಲ್ಲಿ ಅವಳಿಗೆ ಮನೆ ಇರುತ್ತದೋ ಇಲ್ಲವೋ ಎಂದು ನನಗೆ ದಿಗಿಲಾಯಿತು. ಚೌಡಮ್ಮನವರಿಗೂ ನಾವು ಇದನ್ನು ಹೇಳಿರಲಿಲ್ಲ. ಅವರು ಕುರ್ಚಿಯ ಕೈ ಹಿಡಿದು, ಮಂಡಿ ನೋವಿಗೆ ಮುಖ ಕಿವುಚಿ ಎದ್ದರು. ನಿಧಾನವಾಗಿ ನಡೆದು ಲಲಿತಾಳ ಹತ್ತಿರ ಹೋದರು. ಜಾರಿದ್ದ ಅವಳ ಸೆರಗನ್ನು ಹೆಗಲ ಮೇಲೆ ಎಳೆದು, ಪಿನ್ನು ಸರಿಯಾಗಿ ಚುಚ್ಚಿದರು.

"ನಾಟ್ಕ ಇನ್ನೂ ಮುಗ್ದಿಲ್ಲ ಕಣ್ ಮಗಾ" ಅಂದರು. "ಮುಂದಕ್ ಆಡು."

ಲಲಿತಾ ಪವಿತ್ರಾಳ ಹಿಂದೆ ಹೋಗಿ ಕೂತು, ಬಾಚಣಿಗೆ ತೆಗೆದುಕೊಂಡು, ಬಿಟ್ಟ ಮಾತಿನಿಂದಲೇ ಶುರುಮಾಡಿದಳು.

ನಾಟಕ ಮುಗಿದು ಜನ ಚದುರಿದರು. ಕೆಲವು ಹೆಂಗಸರು ಬಂದು ಲಲಿತಾಳ ಕೈ ಹಿಡಿದು ಹೋದರು. ಪ್ರಶ್ನೆ ಕೇಳಿದ ಯುವಕ ದೂರದಲ್ಲೇ ತಲೆ ತಗ್ಗಿಸಿ ನಿಂತಿದ್ದು, ಕಾಣದಂತೆ ಹೊರಟುಹೋದ. ನಾವು ಚಾಪೆ ಸುತ್ತುತ್ತಿದ್ದಾಗ ಒಬ್ಬಳು ಹುಡುಗಿ ಬಂದು ನಿಂತಳು. ನಮ್ಮ ಕಾರ್ಖಾನೆಯವಳಲ್ಲ, ನಾವ್ಯಾರೂ ಅವಳನ್ನು ನೋಡಿರಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಏನಮ್ಮ ಎಂದು ನಾನು ಕೇಳಿದರೆ ಲಲಿತಾಳ ಕಡೆ ತಿರುಗಿದಳು.

"ಅಕ್ಕಾ, ನಾಳೆ ಸಂಜೆ ಮನೇಲಿರ್ತೀರಾ?"

ಯಾಕೆ ಎಂದು ಲಲಿತಾ ಕೇಳಲಿಲ್ಲ.

"ಇರ್ತೀನಿ ಕಣೇ, ಬಾ" ಅಂದಳು. "ಬಾಗಿಲು ತೆಗ್ದೇ ಇರತ್ತೆ."